ಬೆಳಗ್ಗೆ 9ರ ಶಾಲೆ, ರಾತ್ರಿ 12ರ ನಿದ್ದೆ: ಎಡಿಎಚ್‌ಡಿ ಮಕ್ಕಳ ಮನೆಯ ಗಡಿಯಾರ

ಮುಂಬಯಿ: ನಾಲ್ಕನೇ ತರಗತಿಯವರೆಗಿನ ಮಕ್ಕಳ ಶಾಲೆ ಬೆಳಗ್ಗೆ 9 ಗಂಟೆಗೆ ಮೊದಲು ಆರಂಭವಾಗಬಾರದು ಎಂದು ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. 2024-25ನೇ ಶೈಕ್ಷಣಿಕ ವರ್ಷದಿಂದ ಇದನ್ನು ಜಾರಿಗೆ ತರಬೇಕೆಂಬುದು ಸೂಚನೆಯಾಗಿತ್ತು. ಅದಕ್ಕೆ ಎರಡು ತಿಂಗಳ ಮೊದಲು, 2023ರ ಡಿಸೆಂಬರಿನಲ್ಲಿ, ಅಂದಿನ ರಾಜ್ಯಪಾಲ ರಮೇಶ್ ಬೈಸ್ ಅವರು ಮಕ್ಕಳಿಗೆ ಸಾಕಷ್ಟು ನಿದ್ದೆ ಸಿಗುತ್ತಿಲ್ಲ, ಶಾಲೆಯ ಸಮಯ ಬದಲಿಸುವ ಕುರಿತು ಆಲೋಚಿಸಬೇಕು ಎಂದು ಬಹಿರಂಗವಾಗಿಯೇ ಹೇಳಿದ್ದರು. ಬದಲಾದ ಜೀವನಶೈಲಿ ಮತ್ತು ನಗರದ ಗದ್ದಲದಿಂದ ಮಕ್ಕಳು ತಡವಾಗಿ ಮಲಗುತ್ತಿದ್ದಾರೆ ಎಂಬ ಸಂಗತಿಯನ್ನು ಸರಕಾರವೂ ಒಪ್ಪಿಕೊಂಡಂತಾಯಿತು.

ಆದೇಶ ಬಂದಾಗ ಮಹಾನಗರದಲ್ಲಿ ನಡೆದ ಚರ್ಚೆಯಲ್ಲಿ ಹೆಚ್ಚು ಕೇಳಿಬಂದದ್ದು ಶಾಲಾ ಬಸ್ಸು, ಎರಡು ಪಾಳಿ, 9 ಗಂಟೆಯ ಟ್ರಾಫಿಕ್ಕು, ಕೆಲಸಕ್ಕೆ ಹೋಗುವ ಹೆತ್ತವರ ಪರದಾಟ. ನಿದ್ದೆಯ ಮಾತು ಬದಿಗೆ ಸರಿಯಿತು. ಆದೇಶ ಜಾರಿಯಾದ ಶಾಲೆಗಳ ಮಕ್ಕಳಿಗೆ ಬೆಳಗ್ಗೆ ಸಿಕ್ಕಿದ ಒಂದೂವರೆ ಎರಡು ಗಂಟೆ ನಿದ್ದೆಯ ಲೆಕ್ಕಕ್ಕೆ ಜಮೆಯಾಯಿತೇ, ಅಥವಾ ರಾತ್ರಿಯ ಟಿವಿ, ಮೊಬೈಲಿನ ಲೆಕ್ಕಕ್ಕೆ ಹೋಯಿತೇ? “ಹೇಗೂ ನಾಳೆ 9ಕ್ಕಲ್ಲವೇ ಶಾಲೆ” ಎನ್ನುವ ಮಾತು ಮನೆಯಲ್ಲಿ ಬಂತೆಂದರೆ ಆ ಲಾಭ ಅಲ್ಲಿಗೇ ಮುಗಿಯಿತು. ಇದು ಎಲ್ಲ ಮಕ್ಕಳ ವಿಷಯವೂ ಹೌದು. ಆದರೆ ಎಡಿಎಚ್‌ಡಿ ಇರುವ ಮಕ್ಕಳಿಗೆ ಇದು ಇಡೀ ದಿನದ ಪ್ರಶ್ನೆ, ಎಷ್ಟೋ ಬಾರಿ ಶಾಲೆಯಲ್ಲಿ ಉಳಿಯುವ ಅಥವಾ ಬಿಡುವ ಪ್ರಶ್ನೆ.

ಎಡಿಎಚ್‌ಡಿ ಎಂದರೆ ತುಂಟತನಕ್ಕೆ ಇಟ್ಟ ಇಂಗ್ಲಿಷ್ ಹೆಸರಲ್ಲ. ಗಮನ ಒಂದೆಡೆ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಯೋಚಿಸುವ ಮೊದಲೇ ಮಾಡಿಬಿಡುವ ಆತುರ ಇವು 12 ವರ್ಷಕ್ಕಿಂತ ಮೊದಲೇ ಕಾಣಿಸಿಕೊಂಡು, ಮನೆ ಮತ್ತು ಶಾಲೆ ಎರಡೂ ಕಡೆ ಆರು ತಿಂಗಳಿಗೂ ಮಿಕ್ಕಿ ಮುಂದುವರಿದು, ಮಗುವಿನ ಕಲಿಕೆಗೂ ಒಡನಾಟಕ್ಕೂ ಅಡ್ಡಿಯಾದರೆ ಮಾತ್ರ ವೈದ್ಯರು ಆ ಹೆಸರು ಹೇಳುತ್ತಾರೆ. ಜಗತ್ತಿನಾದ್ಯಂತ ಸುಮಾರು ನೂರರಲ್ಲಿ ಐದು ಮಕ್ಕಳಿಗೆ ಇದು ಇದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. “ಇವನ ಅಪ್ಪನೂ ಸಣ್ಣದಿರುವಾಗ ಹೀಗೇ ಇದ್ದ, ರಾತ್ರಿ ಮಲಗಿಸುವುದೇ ಕಷ್ಟ” ಎಂದು ಊರಿನಿಂದ ಬಂದ ಅಜ್ಜಿ ಹೇಳಿದರೆ ಅದನ್ನು ನಗೆಯಾಡಿ ತಳ್ಳಿಹಾಕಬೇಕಾಗಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ತೊಂದರೆಯಲ್ಲಿ ವಂಶವಾಹಿಯ ಪಾಲು ಶೇಕಡಾ 70ಕ್ಕೂ ಹೆಚ್ಚು. ಅಜ್ಜಿ ಹೇಳಿದ್ದು ಸರಿಯೇ. ಆದರೆ ಅಪ್ಪ ಹಾಗೇ ಬೆಳೆದ ಎಂಬ ಕಾರಣಕ್ಕೆ ಮಗನೂ ಹಾಗೇ ಬೆಳೆಯಲಿ ಎಂಬ ತೀರ್ಮಾನ ಮಾತ್ರ ಸರಿಯಲ್ಲ.

ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ. ಹಾಸಿಗೆಗೆ ಹೋಗಲು ಒಪ್ಪುವುದಿಲ್ಲ. ಹೋದರೂ ಒಂದು ಗಂಟೆ ಹೊರಳಾಡುತ್ತಾರೆ. ನೀರು ಬೇಕು, ಬಾತ್‌ರೂಮು ಎಂದು ನಾಲ್ಕು ಸಲ ಏಳುತ್ತಾರೆ. ಬೆಳಗ್ಗೆ ಎಬ್ಬಿಸುವಾಗ ಮನೆ ರಣರಂಗ. ಅಮೆರಿಕದ ನಿದ್ರಾ ತಜ್ಞರ ಸಂಸ್ಥೆಯೊಂದು 2016ರಲ್ಲಿ ಕೊಟ್ಟ ಶಿಫಾರಸಿನಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 7 ಗಂಟೆಯ ಶಾಲೆಗೆ 5.45ಕ್ಕೆ ಏಳಬೇಕಾದ ಮಗು ಕನಿಷ್ಠ 9 ಗಂಟೆ ಮಲಗಬೇಕಾದರೆ ರಾತ್ರಿ 8.45ಕ್ಕೆ ಕಣ್ಣು ಮುಚ್ಚಿರಬೇಕು. ಮುಂಬಯಿಯ ಯಾವ ಮನೆಯಲ್ಲಿ ಅದು ಸಾಧ್ಯವಾಗಿದೆಯೋ ಆ ಮನೆಯವರೇ ಹೇಳಬೇಕು.

ಇಲ್ಲಿ ಒಂದು ವಿಷಯ ಹೆತ್ತವರನ್ನು ಮಾತ್ರವಲ್ಲ, ಶಿಕ್ಷಕರನ್ನೂ ದಾರಿ ತಪ್ಪಿಸುತ್ತದೆ. ನಿದ್ದೆಗೆಟ್ಟ ದೊಡ್ಡವರು ಆಕಳಿಸುತ್ತಾರೆ, ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ಮತ್ತಷ್ಟು ಕುಣಿದಾಡುತ್ತಾರೆ, ಸಿಡುಕುತ್ತಾರೆ, ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಅಂದರೆ ನಿದ್ದೆಯ ಕೊರತೆಯೇ ಎಡಿಎಚ್‌ಡಿಯ ವೇಷ ಹಾಕಿ ಬರಬಹುದು. ಎಡಿಎಚ್‌ಡಿ ಇರುವ ಮಗುವಿನಲ್ಲಾದರೆ ಅದು ಇರುವುದನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. ಹಾಗಾಗಿ “ಅಷ್ಟು ಓಡಾಡುತ್ತಾನಲ್ಲ, ಸುಸ್ತೇ ಆಗುವುದಿಲ್ಲ” ಎಂಬ ಮಾತಿನ ಅರ್ಥ ಹಲವು ಬಾರಿ ತಲೆಕೆಳಗಾದದ್ದು. ಸುಸ್ತಾಗಿರುವುದರಿಂದಲೇ ಅವನು ಓಡಾಡುತ್ತಿರಬಹುದು.

ನಿದ್ದೆಗೆಡುವುದೇ ಸಾಧನೆಯಾದ ಪರಂಪರೆ

ಮಹಾನಗರದ ಕನ್ನಡಿಗರ ಮನೆಯಲ್ಲಿ ಈ ತೊಂದರೆಗೆ ತನ್ನದೇ ಒಂದು ಬಣ್ಣವಿದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮೂರು ನಾಲ್ಕು ಗಂಟೆ ಮಲಗಿ ಮೇಲೆ ಬಂದವರ ತಲೆಮಾರು ಕಟ್ಟಿದ ಸಮಾಜವಿದು. ಸಂಘಗಳ ಸನ್ಮಾನ ಪತ್ರಗಳಲ್ಲಿ “ಹಗಲಿರುಳೆನ್ನದೆ ದುಡಿದು” ಎಂಬ ಮಾತು ಇರದಿರುವುದೇ ಅಪರೂಪ. ನಿದ್ದೆ ಕಡಿಮೆ ಮಾಡುವುದು ಇಲ್ಲಿ ದೋಷವಲ್ಲ, ಬಿರುದು. ಆ ಹಿರಿಯರ ಶ್ರಮವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ಅಳತೆಗೋಲನ್ನು ಎಂಟು ವರ್ಷದ ಮಗುವಿನ ಮೇಲೆ ಇಟ್ಟರೆ ಆ ಮಗುವಿನ ರಾತ್ರಿಯ ಒದ್ದಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಬೆಳಗ್ಗೆ ಟೀಚರು ಡೈರಿಯಲ್ಲಿ ಬರೆದ ದೂರು ಮಾತ್ರ.

ಮನೆಯ ರಚನೆಯೂ ಹಾಗೇ ಇದೆ. ಡೊಂಬಿವಲಿಯಿಂದ ನಾಲಾಸೋಪಾರದವರೆಗೆ ಎಷ್ಟೋ ಕುಟುಂಬಗಳದ್ದು ಒಂದು ರೂಮು, ಒಂದು ಕಿಚನ್ನು. ಟಿವಿ ಇರುವಲ್ಲೇ ಹಾಸಿಗೆ. ಅಪ್ಪ ಹೋಟೆಲ್ ಮುಚ್ಚಿ, ಲೆಕ್ಕ ನೋಡಿ, ಕೊನೆಯ ಲೋಕಲ್‌ಗಳಲ್ಲೊಂದನ್ನು ಹಿಡಿದು ಬರುವಾಗ ರಾತ್ರಿ 12.30. ಬಾಗಿಲಿನ ಸದ್ದಿಗೆ ಮಗು ಏಳುತ್ತದೆ, ಅಪ್ಪನಿಗೂ ಮಗುವನ್ನು ನೋಡುವ ಆಸೆ. ಆ ಅರ್ಧ ಗಂಟೆಯ ಆಟಕ್ಕೆ ಯಾರನ್ನೂ ದೂರುವಂತಿಲ್ಲ. ಇಡೀ ದಿನದಲ್ಲಿ ಅವರಿಬ್ಬರಿಗೆ ಸಿಗುವುದು ಅಷ್ಟೇ. ಆದರೆ ಸಾಮಾನ್ಯ ಮಗು ಮತ್ತೆ ಹತ್ತು ನಿಮಿಷದಲ್ಲಿ ಮಲಗಿದರೆ, ಎಡಿಎಚ್‌ಡಿ ಇರುವ ಮಗುವಿಗೆ ಎರಡು ಗಂಟೆಯೂ ಬೇಕಾಗಬಹುದು.

ದೇಹದೊಳಗಿನ ಕಾರಣಗಳೂ ಇವೆ. ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಎಡಿಎಚ್‌ಡಿ ಇದ್ದು ಬೇಗ ನಿದ್ದೆ ಹತ್ತದ ಮಕ್ಕಳಲ್ಲಿ ಈ ಸ್ರಾವವೇ ತಡವಾಗಿ ಶುರುವಾಗುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಮೊಬೈಲ್, ಟಿವಿಯ ಪ್ರಕಾಶ ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಇನ್ನು ಸಂಜೆಯ ಚಹಾ, ಫಿಲ್ಟರ್ ಕಾಫಿ. “ಹಾಲೇ ಜಾಸ್ತಿ, ಡಿಕಾಕ್ಷನ್ ಒಂದೇ ಚಮಚ” ಎಂದು ಮಕ್ಕಳಿಗೆ ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಕೆಫೀನಿನ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಕೋಲಾ, ಚಾಕಲೇಟಿನಲ್ಲೂ ಅದೇ ಇದೆ.

ಎರಡು ಭೇಟಿ, ಒಂದು ಫೋನು

ಇಷ್ಟೆಲ್ಲ ಇದ್ದರೂ ದಾರಿ ಇದೆ, ಅದೂ ದುಬಾರಿಯಲ್ಲದ ದಾರಿ. ಆಸ್ಟ್ರೇಲಿಯದ ಮೆಲ್ಬರ್ನಿನ ಸಂಶೋಧಕರು ಎಡಿಎಚ್‌ಡಿ ಇರುವ 5ರಿಂದ 12 ವರ್ಷದ 244 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕುಟುಂಬಗಳಿಗೆ ಮಲಗುವ ಅಭ್ಯಾಸದ ಬಗ್ಗೆ ತರಬೇತಾದವರೊಂದಿಗೆ ಎರಡು ಭೇಟಿ, ಬಳಿಕ ಒಂದು ಫೋನ್ ಕರೆ. ಅಷ್ಟೇ. ಉಳಿದವರಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ಬಳಿಕವೂ ಮೊದಲ ಗುಂಪಿನ ಮಕ್ಕಳ ನಿದ್ದೆ ಮಾತ್ರವಲ್ಲ, ಹಗಲಿನ ವರ್ತನೆ ಮತ್ತು ಎಡಿಎಚ್‌ಡಿ ಲಕ್ಷಣಗಳೂ ತುಸು ಸುಧಾರಿಸಿದ್ದವು. ಕಾಯಿಲೆ ಗುಣವಾಯಿತು ಎಂದು ಇದರ ಅರ್ಥವಲ್ಲ. ಬಹುತೇಕ ಮಕ್ಕಳು ಔಷಧವನ್ನೂ ತೆಗೆದುಕೊಳ್ಳುತ್ತಿದ್ದರು. ಆದರೆ ಮನೆಯಲ್ಲೇ ಮಾಡಬಹುದಾದ ಕೆಲಸದಿಂದ ಶಾಲೆಯ ಹಗಲೂ ಹಗುರವಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಆ ಕೆಲಸ ಏನು? ಹೆಚ್ಚಿನವರು ಮಲಗುವ ಸಮಯದಿಂದ ಶುರು ಮಾಡಿ ಸೋಲುತ್ತಾರೆ. ಶುರು ಮಾಡಬೇಕಾದದ್ದು ಏಳುವ ಸಮಯದಿಂದ. ಶಾಲೆ 9ಕ್ಕೇ ಇರಲಿ, ಭಾನುವಾರವೇ ಬರಲಿ, ಏಳುವ ಗಂಟೆ ಒಂದೇ ಇರಬೇಕು. ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಎದ್ದ ಕೂಡಲೇ ಕಿಟಕಿಯ ಬಳಿ, ಟೆರೇಸಿನಲ್ಲಿ ಅಥವಾ ಸೊಸೈಟಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಬಿಸಿಲು. ದೇಹದ ಗಡಿಯಾರಕ್ಕೆ ಕೀಲಿ ಕೊಡುವುದು ಆ ಬೆಳಕೇ.

ಮಲಗುವ ಸಮಯದ ವಿಷಯದಲ್ಲಿ ಮನೋವೈದ್ಯರು ಹೇಳುವ ಒಂದು ಉಪಾಯ ಮೊದಲಿಗೆ ವಿಚಿತ್ರವೆನಿಸುತ್ತದೆ. ಮಗುವಿಗೆ ನಿಜವಾಗಿ ನಿದ್ದೆ ಹತ್ತುವುದು ರಾತ್ರಿ 11ಕ್ಕೆ ಎಂದಾದರೆ 9ಕ್ಕೇ ಹಾಸಿಗೆಗೆ ಅಟ್ಟಬೇಡಿ. 11ರ ಸುಮಾರಿಗೇ ಮಲಗಿಸಿ. ಹಾಸಿಗೆಗೆ ಹೋದ ಕೂಡಲೇ ನಿದ್ದೆ ಬರುವುದು ಅಭ್ಯಾಸವಾಗಲಿ. ಬಳಿಕ ಕೆಲವು ದಿನಗಳಿಗೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ: 10.45, 10.30, 10.15. ಒಂದು ತಿಂಗಳಲ್ಲಿ ಒಂದು ಗಂಟೆ ಸಿಕ್ಕಿದರೂ ಲಾಭವೇ. 9ಕ್ಕೆ ಮಲಗಿಸಿ 11ರವರೆಗೆ ಗದರಿಸಿದರೆ ಮಗುವಿನ ಮನಸ್ಸಿನಲ್ಲಿ ಹಾಸಿಗೆ ಎಂದರೆ ಜಗಳದ ಜಾಗ ಎಂದು ಕೂತುಬಿಡುತ್ತದೆ.

ಮಲಗುವ ಮುಂಚಿನ ಮುಕ್ಕಾಲು ಗಂಟೆ ದಿನವೂ ಒಂದೇ ಕ್ರಮದಲ್ಲಿ ನಡೆಯಬೇಕು. ಹಲ್ಲುಜ್ಜುವುದು, ನೀರು ಕುಡಿಯುವುದು, ಬಾತ್‌ರೂಮು, ಕತೆ, ದೀಪ ಆರಿಸುವುದು. ಎಡಿಎಚ್‌ಡಿ ಇರುವ ಮಗುವಿಗೆ “ಹೋಗಿ ರೆಡಿಯಾಗು” ಎಂದರೆ ಐದು ಕೆಲಸ ಒಟ್ಟಿಗೆ ಹೇಳಿದಂತೆ, ಎರಡನೆಯದಕ್ಕೆ ಮರೆತುಹೋಗುತ್ತದೆ. ಆದ್ದರಿಂದ ಐದು ಚಿತ್ರ ಬರೆದು ಗೋಡೆಗೆ ಅಂಟಿಸಿ, ಒಂದೊಂದೇ ಕೆಲಸ ಹೇಳುವುದು ಒಳ್ಳೆಯದು. ಪದೇ ಪದೇ ಏಳುವ ಮಗುವಿಗೆ ರಾತ್ರಿಗೆ ಒಂದೇ ಒಂದು ಚೀಟಿ ಕೊಡುವ ಪದ್ಧತಿಯನ್ನೂ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಚೀಟಿ ಕೊಟ್ಟು ಒಂದು ಸಲ ಹೊರಗೆ ಬರಬಹುದು, ನೀರೋ ಅಪ್ಪುಗೆಯೋ ಕೇಳಬಹುದು. ಆಮೇಲೆ ಬೆಳಗ್ಗೆಯವರೆಗೆ ಇಲ್ಲ. ಚೀಟಿ ಉಳಿಸಿಕೊಂಡರೆ ಬೆಳಗ್ಗೆ ಸಣ್ಣದೊಂದು ಬಹುಮಾನ. ತಿಂಗಳ ಕೊನೆಗೆ ಸೈಕಲ್ ಕೊಡಿಸುತ್ತೇನೆ ಎಂಬ ಮಾತು ಈ ಮಕ್ಕಳಿಗೆ ನಾಟುವುದಿಲ್ಲ, ಬೆಳಗ್ಗೆಯ ಒಂದು ಸ್ಟಿಕ್ಕರ್ ನಾಟುತ್ತದೆ.

ಒಂದೇ ಕೋಣೆಯ ಮನೆಯಲ್ಲಿ ಟಿವಿ ಮಲಗುವ ಒಂದು ಗಂಟೆ ಮೊದಲು ಆರಿದರೆ ಅಜ್ಜ ಅಜ್ಜಿಯರ ಧಾರಾವಾಹಿಗೆ ಕತ್ತರಿ ಬೀಳುತ್ತದೆ, ನಿಜ. ಅದಕ್ಕೆ ಮನೆಮಂದಿ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ತಾಯಿಯೊಬ್ಬಳೇ ಜಗಳ ಕಾಯುವುದಲ್ಲ. ರಸ್ತೆಯ ಗದ್ದಲಕ್ಕೆ ಫ್ಯಾನಿನ ಒಂದೇ ಸಮನಾದ ಸದ್ದು ಸ್ವಲ್ಪ ಮಟ್ಟಿಗೆ ಪರಿಹಾರ. ಇನ್ನು ತಡರಾತ್ರಿ ಬರುವ ಅಪ್ಪನ ವಿಷಯ. ಹೋಟೆಲಿನವರಿಗೆ ಮಧ್ಯಾಹ್ನ 3ರಿಂದ 5ರವರೆಗೆ ತುಸು ಬಿಡುವು ಸಿಗುವುದುಂಟು. ಮನೆ ಹತ್ತಿರವಿದ್ದವರಿಗೆ ಅದೇ ಮಗುವಿನ ಹೊತ್ತು. ದೂರವಿದ್ದವರು ಬೆಳಗ್ಗೆ ಮಗುವನ್ನು ಎಬ್ಬಿಸುವ ಕೆಲಸವನ್ನು ತಾವೇ ವಹಿಸಿಕೊಂಡು, ಇಪ್ಪತ್ತು ನಿಮಿಷ ಕಳೆದು ಮತ್ತೆ ಮಲಗಬಹುದು. ರಾತ್ರಿಯ ಭೇಟಿ ಬೆಳಗ್ಗೆಗೆ ಬದಲಾದರೆ ಮಗುವಿಗೆ ಏಳುವುದಕ್ಕೂ ಒಂದು ಕಾರಣ ಸಿಗುತ್ತದೆ.

ಮದ್ದಿನ ಮಾತು

ಔಷಧ ತೆಗೆದುಕೊಳ್ಳುವ ಮಕ್ಕಳ ಹೆತ್ತವರು ಕೇಳುವ ಮೊದಲ ಪ್ರಶ್ನೆ, ಮದ್ದಿನಿಂದಲೇ ನಿದ್ದೆ ಹೋಯಿತೇ ಎಂಬುದು. ಹೋಗಿರಲೂಬಹುದು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಚ್ಚರ ಹೆಚ್ಚಿಸುವ ಔಷಧ. ಮಧ್ಯಾಹ್ನ ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ತಡವಾಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಇದು ಉಲ್ಟಾ. ಸಾದಾ ಮಾತ್ರೆಯ ಪ್ರಭಾವ ಮೂರು ನಾಲ್ಕು ಗಂಟೆಯಲ್ಲಿ ಇಳಿದು, ಸಂಜೆ ಹೊತ್ತಿಗೆ ಚಡಪಡಿಕೆ ಮರುಕಳಿಸಿ ಅದೇ ನಿದ್ದೆಗೆ ಅಡ್ಡಿಯಾಗುತ್ತದೆ. ಎರಡರಲ್ಲಿ ಯಾವುದು ಎಂದು ವೈದ್ಯರಿಗೆ ತಿಳಿಯಬೇಕಾದರೆ ಎರಡು ವಾರದ ಲೆಕ್ಕ ಬೇಕು: ಎಷ್ಟಕ್ಕೆ ಮದ್ದು, ಎಷ್ಟಕ್ಕೆ ಹಾಸಿಗೆ, ಎಷ್ಟಕ್ಕೆ ನಿದ್ದೆ ಬಂತು, ರಾತ್ರಿ ಎಷ್ಟು ಸಲ ಎದ್ದ, ಚಹಾ ಕೋಲಾ ಕುಡಿದನೇ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹೋಗಬೇಕು. ನೆರೆಮನೆಯವರ ಮಾತು ಕೇಳಿ ಮದ್ದು ನಿಲ್ಲಿಸುವುದು, ರಜೆಯಲ್ಲಿ ಡೋಸ್ ಬದಲಿಸುವುದು ಸರ್ವಥಾ ಕೂಡದು.

ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ಬೆಳೆದು ಉಸಿರು ಕಟ್ಟುತ್ತಿರಬಹುದು. ಅದನ್ನು ಕಿವಿ ಮೂಗು ಗಂಟಲಿನ ವೈದ್ಯರು ನೋಡಬೇಕು. ಮಲಗಿದಾಗ ಕಾಲು ಜುಮ್ಮೆನ್ನುತ್ತದೆ, ಒತ್ತಿಕೊಡಿ ಎಂದು ದಿನವೂ ಕೇಳುವ ಮಗುವಿನ ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ ಇದೆ. ಹೀಗಿರುವಾಗ ಕಾಲುನೋವನ್ನು ನೆಪ ಎಂದು ಗದರಿಸುವ ಮೊದಲು ಫೆರಿಟಿನ್ ಎಂಬ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬಹುದು.

ಶೀತದ ಸಿರಪ್ಪು ಕೊಟ್ಟು ಮಲಗಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಅಪಾಯಕಾರಿ, ಕೆಲವು ಮಕ್ಕಳಲ್ಲಿ ಅದು ನಿದ್ದೆಗೆ ಬದಲು ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ಅಂಥ ಸಿರಪ್ಪುಗಳಲ್ಲಿ ಬಳಸುವ ಒಂದು ಜೋಡಿ ಔಷಧವನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಎಂದು ಬಾಟಲಿಯ ಮೇಲೆ ಅಚ್ಚು ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ಮೆಲಟೋನಿನ್ ಗಮ್ಮಿಗಳೂ ಮಿಠಾಯಿಯಲ್ಲ. ಅಮೆರಿಕದಲ್ಲಿ 2023ರಲ್ಲಿ ಇಂಥ 25 ಉತ್ಪನ್ನಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಪ್ರಮಾಣಕ್ಕೂ ಒಳಗಿನದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಅಭ್ಯಾಸದ ಬದಲಾವಣೆ ಸಾಕಾಗದಿದ್ದಾಗ ವೈದ್ಯರು ಮೆಲಟೋನಿನ್ ಬರೆದುಕೊಡುವುದುಂಟು. ಅದು ಅವರ ಲೆಕ್ಕದಲ್ಲೇ ಆಗಲಿ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಮಹಾನಗರದಲ್ಲಿ ಉತ್ತರವಿದೆ. ಪರೇಲಿನ ಕೆಇಎಂ, ಸಾಯನ್ ಮತ್ತು ನಾಯರ್ ಈ ಮೂರೂ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲೂ ಮಾತನಾಡಲು ಅವಕಾಶವಿದೆ. ಮರಾಠಿ, ಹಿಂದಿಯಲ್ಲಿ ಮನಸ್ಸಿನ ಮಾತು ಹೇಳಲು ಹಿಂಜರಿಯುವ ಹಿರಿಯರಿಗೆ ಇದು ಅನುಕೂಲ.

ಸಂಘಗಳು ಮಾಡಬಹುದಾದದ್ದು

ಸಂಜೆ 5ಕ್ಕೆ ಸರಿಯಾಗಿ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಕಾರ್ಯಕ್ರಮದ ದೀಪ ಬೆಳಗುವುದು 6.30ಕ್ಕೆ. ಸ್ವಾಗತ, ಪ್ರಾಸ್ತಾವಿಕ, ಗಣ್ಯರ ಮಾತು, ಸನ್ಮಾನ, ಸನ್ಮಾನಿತರ ಪರಿಚಯ, ಅಧ್ಯಕ್ಷೀಯ ಭಾಷಣ. ಇಷ್ಟಾದ ಮೇಲೆ ಮಕ್ಕಳ ನೃತ್ಯ, ಆಗ 9 ಗಂಟೆ. ಊಟ ಮುಗಿಸಿ ಮನೆ ಸೇರುವಾಗ 12. ಮೂರು ಗಂಟೆ ಬಣ್ಣ ಹಚ್ಚಿಕೊಂಡು ಪಕ್ಕದ ಕೋಣೆಯಲ್ಲಿ ಕಾಯುವ ಮಕ್ಕಳಲ್ಲಿ ಎಡಿಎಚ್‌ಡಿ ಇರುವ ಮಗು ಓಡಾಡುತ್ತದೆ, ಪರದೆ ಎಳೆಯುತ್ತದೆ, ಯಾರೋ ಗದರುತ್ತಾರೆ. ಮುಂದಿನ ವರ್ಷ ಆ ಕುಟುಂಬ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದೂ ಇಲ್ಲ. ಮಕ್ಕಳ ಕಾರ್ಯಕ್ರಮವನ್ನು ಮೊದಲಿಗಿಟ್ಟು ಸಭಾ ಕಾರ್ಯಕ್ರಮವನ್ನು ಬಳಿಕ ಇಡಲು ಖರ್ಚೇನೂ ಇಲ್ಲ. ಹಾಗೆ ಮಾಡಿದರೆ ಮಕ್ಕಳನ್ನು ಕರೆದುಕೊಂಡು ಹೆತ್ತವರೂ ಎದ್ದುಹೋಗುತ್ತಾರೆ, ಭಾಷಣಕ್ಕೆ ಸಭಾಂಗಣ ಖಾಲಿಯಾಗುತ್ತದೆ ಎಂಬ ಭಯ ಪದಾಧಿಕಾರಿಗಳಿಗಿದೆ. ಆ ಭಯ ನಿರಾಧಾರವೇನಲ್ಲ. ಭಾಷಣ ಚಿಕ್ಕದಾದರೆ ಅದಕ್ಕೂ ಪರಿಹಾರ ಸಿಗಬಹುದು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ. ಪೂಜೆ, ಉತ್ಸವ ನಡೆಸುವ ಸಮಿತಿಗಳಲ್ಲಿ ಕನ್ನಡಿಗರೂ ಇದ್ದಾರೆ ಎಂಬುದನ್ನು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು.

ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ತಪಾಸಣೆ ಇರುತ್ತದೆ. ಮಕ್ಕಳ ಮನೋವೈದ್ಯರೊಬ್ಬರನ್ನು ಕರೆದು ಹೆತ್ತವರೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅರ್ಧ ದಿನ ಮಾತಾಡಲು ಬಿಟ್ಟರೆ, ವೇದಿಕೆಯ ಮೇಲೆ ಕೈ ಎತ್ತಿ ಕೇಳಲಾಗದ ಪ್ರಶ್ನೆಗಳು ಅಲ್ಲಿ ಬರುತ್ತವೆ. ಮದುವೆ ಮಾತುಕತೆಗೆ ತೊಂದರೆಯಾದೀತು ಎಂಬ ಅಂಜಿಕೆಯಿಂದ ಮಗುವಿನ ಸಮಸ್ಯೆ ಮುಚ್ಚಿಡುವ ಮನೆಗಳೂ ಇರುವುದರಿಂದ ಬಾಗಿಲು ಮುಚ್ಚಿರುವುದು ಮುಖ್ಯ.

ಇನ್ನು ಆದೇಶದ ಒಂದು ಕೊರತೆ. ಅದು ನಾಲ್ಕನೇ ತರಗತಿಗೆ ನಿಂತುಬಿಟ್ಟಿದೆ. ಹರೆಯಕ್ಕೆ ಕಾಲಿಡುವಾಗ ಎಲ್ಲ ಮಕ್ಕಳ ನಿದ್ದೆಯ ಗಡಿಯಾರವೂ ಸಹಜವಾಗಿ ತಡವಾಗುತ್ತದೆ. ಈ ಕಾರಣಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ದೊಡ್ಡ ತರಗತಿಗಳು 8.30ಕ್ಕೆ ಮೊದಲು ಆರಂಭವಾಗಬಾರದು ಎಂದಿತ್ತು. ಇಲ್ಲಿ ಲಾಭ ಸಣ್ಣವರಿಗೆ ಮಾತ್ರ. ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸುವ ಶಾಲೆ ಸಣ್ಣವರನ್ನು 9ಕ್ಕೆ ತಂದರೆ ದೊಡ್ಡವರಿಗೆ ಉಳಿಯುವುದು ಬೆಳಗಿನ 7ರ ಪಾಳಿ. ನಾಲ್ಕನೆಯಲ್ಲಿ 9ಕ್ಕೆ ಹೋಗುತ್ತಿದ್ದ ಮಗು ಐದನೆಯಲ್ಲಿ ಒಮ್ಮೆಲೇ ಎರಡು ಗಂಟೆ ಮುಂಚೆ ಏಳಬೇಕಾಗುತ್ತದೆ. ಎಡಿಎಚ್‌ಡಿ ಇರುವ ಮಗುವಿಗೆ ಇದು ಕಷ್ಟದ ತಿರುವು. ಅದೂ ಮೇ ತಿಂಗಳಿಡೀ ಊರಿನಲ್ಲಿ ಮದುವೆ, ನೇಮ, ಯಕ್ಷಗಾನ ಎಂದು ರಾತ್ರಿಗಳೆಲ್ಲ ಎಚ್ಚರದಲ್ಲೇ ಕಳೆದ ಬಳಿಕ. ಜೂನ್ ಮಧ್ಯದಲ್ಲಿ ಶಾಲೆ ತೆರೆಯುವ ಹಿಂದಿನ ದಿನ ಊರಿನಿಂದ ರೈಲು ಹತ್ತುವ ಬದಲು ಎರಡು ಮೂರು ವಾರ ಮೊದಲೇ ಮರಳಿ, ಎರಡು ಮೂರು ದಿನಗಳಿಗೊಮ್ಮೆ ಕಾಲು ಗಂಟೆಯಂತೆ ಏಳುವ ಹೊತ್ತನ್ನು ಹಿಂದಕ್ಕೆ ತಂದರೆ ಐದನೇ ತರಗತಿಯ ಮೊದಲ ವಾರದ ಡೈರಿ ದೂರುಗಳಲ್ಲಿ ಕೆಲವಾದರೂ ತಪ್ಪುತ್ತವೆ. ಟಿಕೆಟ್ ಕಾದಿರಿಸುವಾಗಲೇ ಈ ಲೆಕ್ಕ ಹಾಕಿಕೊಳ್ಳಬೇಕು.